ಬಾಳಕ್ಕ ಮಗ್ಗುಲು ಹಿಡಿದದ್ದು

ನಮ್ಮೂರಿನಲ್ಲಿ ಒಬ್ಬರು ಮರೆತದ್ದು ಅವರ ಮಗ್ಗುಲಲ್ಲಿ ಕುಳಿತವರಿಗೆ ಹೋಗುತ್ತದೆ. ಹೀಗಾಗಿ ಕಳೆದ ವಸ್ತುವಿಗಾಗಿ ನಾವು ಮನೆಯೆಲ್ಲ ತಡಕಾಡುವುದಿಲ್ಲ. ಕಪಾಟಿನ ಕೀಲಿ ಎಲ್ಲಿಟ್ಟೆ ಎಂಬುದು ಮರೆತುಹೋದರೆ, ನಿನ್ನೆ ಬಸ್ಸಿನಲ್ಲಿ ಪಕ್ಕ ಕುಳಿತವರ ಮನೆಗೆ ಹೋಗಿ ಬಾಗಿಲು ಬಡಿಯುತ್ತೇವೆ. ಅವರು ಹೊಸ್ತಿಲಲ್ಲೇ ನಿಂತು 'ಅಕ್ಕಿ ಡಬ್ಬಿ ಹಿಂದ ಐತಿ ನೋಡ್ರಿ' ಎಂದು ಹೇಳಿ ಒಳಗೆ ಹೋಗುತ್ತಾರೆ. ಶಾಲೆಯಲ್ಲಿ ಪರೀಕ್ಷೆ ಬಂದರೆ ಮಕ್ಕಳನ್ನು ಮೈದಾನದಲ್ಲಿ ದೂರದೂರ ಚದುರಿಸಿ ಕೂರಿಸುತ್ತಾರೆ. ಇಲ್ಲವಾದರೆ ಜಾಣ ಹುಡುಗ ಗಾಬರಿಯಲ್ಲಿ ಮರೆತ ಉತ್ತರವೆಲ್ಲ ಪಕ್ಕದ ದಡ್ಡನ ಹಾಳೆಯ ಮೇಲೆ ಇಳಿಯುತ್ತದೆ. ಮದುವೆಯ ಊಟದಲ್ಲಿ ವಯಸ್ಸಾದವರ ಆಚೀಚೆ ಅವರ ಸ್ವಂತ ಮಕ್ಕಳೇ ಕೂರಬೇಕು, ಬೀಗರು ಕೂರುವಂತಿಲ್ಲ. ಒಮ್ಮೆ ಹಾಗೆ ಬೀಗರು ಕುಳಿತು, ಪಾಯಸ ಬರುವಷ್ಟರಲ್ಲಿ ಸಂಬಂಧ ಮುರಿದುಬಿದ್ದಿತ್ತು.

ವಯಸ್ಸಾದವರಿಗೆ ಬರುವ ದೊಡ್ಡ ಮರೆವಿಗೆ ಡಾಕ್ಟರುಗಳು ಏನೋ ಹೆಸರು ಹೇಳುತ್ತಾರೆ, ನಾವು ಉದುರು ಅನ್ನುತ್ತೇವೆ. ಯಾರಿಗಾದರೂ ಉದುರು ಹತ್ತಿತು ಎಂದರೆ ಮನೆಯವರೆಲ್ಲ ಕೂಡಿ ಒಬ್ಬರನ್ನು ಗೊತ್ತುಮಾಡುತ್ತಾರೆ. ಆ ಒಬ್ಬರು ಇನ್ನು ಮುಂದೆ ಅವರ ಮಗ್ಗುಲು ಬಿಡುವಂತಿಲ್ಲ. ಇದಕ್ಕೆ ಮಗ್ಗುಲು ಹಿಡಿಯುವುದು ಎನ್ನುತ್ತಾರೆ. ಆಸ್ತಿಪಾಸ್ತಿ ಇದ್ದ ಮನೆಗಳಲ್ಲಿ ಇದಕ್ಕಾಗಿ ಹೊಡೆದಾಟಗಳೇ ಆಗಿವೆ. ನಮ್ಮ ಮನೆಯಲ್ಲಿ ಮಾತ್ರ ಯಾರೂ ಮುಂದೆ ಬರಲಿಲ್ಲ.

ಉದುರು ಹತ್ತಿದ್ದು ನನ್ನ ಗಂಡನ ಅಣ್ಣ ಫಕೀರಪ್ಪನವರಿಗೆ, ಅಂದರೆ ನನ್ನ ಭಾವನಿಗೆ. ಅವರು ಊರಿನ ವಾಲ್‌ಮನ್ ಆಗಿದ್ದವರು. ಯಾವ ಓಣಿಗೆ ಯಾವ ವಾಲ್ವು, ಅದನ್ನು ಎಷ್ಟು ತಿರುವಿದರೆ ಗುಡ್ಡದ ಮೇಲಿನ ಮನೆಗೆ ನೀರು ಹತ್ತುತ್ತದೆ, ಎಲ್ಲ ಅವರ ಕೈಯಲ್ಲೇ ಇತ್ತು. ನಿವೃತ್ತರಾದ ಮೇಲೂ ಪುರಸಭೆಯವರು ಅವರನ್ನೇ ಕರೆಯುತ್ತಿದ್ದರು. ಉದುರು ಶುರುವಾದದ್ದು ಮೊದಲು ನಮಗೆ ತಿಳಿಯಲಿಲ್ಲ. ತಿಳಿದದ್ದು ಚಹಾದಂಗಡಿಯ ಅಡಿವೆಪ್ಪನಿಗೆ, ಏಕೆಂದರೆ ಭಾವ ಬೆಳಿಗ್ಗೆ ಹೋಗಿ ಕೂರುತ್ತಿದ್ದುದು ಅವನ ಬೆಂಚಿನ ಮೇಲೆ. ಒಂದು ದಿನ ಅಡಿವೆಪ್ಪ ಉಕ್ಕುವ ಹಾಲನ್ನು ಹಾಗೇ ಬಿಟ್ಟು ಎದ್ದುಹೋಗಿ ಕುಂಬಾರ ಓಣಿಯ ವಾಲ್ವು ತಿರುವಿ ಬಂದ. ತಾನು ಮಾಡಿದ್ದು ಏನೆಂದು ಅವನಿಗೇ ಗಾಬರಿ. ಅಂದಿನಿಂದ ಊರಿಗೆ ನೀರು ಬಿಡುವ ಕೆಲಸ ಅವನ ಕೊರಳಿಗೆ ಬಿತ್ತು. ನೀರು ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಚಹಾಕ್ಕೆ ಮಾತ್ರ ಸೀದ ವಾಸನೆ.

ಅಡಿವೆಪ್ಪನೇ ಮನೆಗೆ ಬಂದು ಹೇಳಿದ. 'ಅಕ್ಕಾರ, ನಿಮ್ಮ ಯಜಮಾನ್ರು ಉದುರಾಕತ್ತಾರ. ವಾಲ್ವು ಬಂದಿದ್ದು ಬಂತು, ನಾ ಏನೂ ಅನ್ನಂಗಿಲ್ಲ. ಈಗ ಮನಿ ಮಾತು ಬರಾಕ ಹತ್ಯಾವ. ನನಗ ಬ್ಯಾಡ್ರಿ ಅವು.'

ಅವನು ಹೇಳಿದ್ದು ಬಾಳಕ್ಕನಿಗೆ. ಬಾಳಕ್ಕ ಎಂದರೆ ಭಾವನ ಹೆಂಡತಿ, ನನ್ನ ನೆಗೆಣ್ಣಿ. ಆಕೆ ಸೌತೆಕಾಯಿ ಹೆಚ್ಚುವುದನ್ನು ನಿಲ್ಲಿಸದೆ, 'ಚಂಪಾ, ಅವರನ್ನ ಕೇಳು, ಇನ್ನ ಮ್ಯಾಲ ಮನ್ಯಾಗ ಚಹಾ ಕುಡೀತಾರೇನು ಅಂತ' ಎಂದಳು. ಭಾವ ಅಲ್ಲೇ ಎದುರಿನ ಗೋಡೆಗೆ ಒರಗಿ ಕುಳಿತಿದ್ದರು. ನಾನು ಕೇಳಿದೆ. ಅವರು ಹೂಂ ಅಂದರು. ನಾನು ಅಕ್ಕನ ಕಡೆ ತಿರುಗಿ 'ಹೂಂ ಅಂತ' ಎಂದೆ. ನಾನು ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ನನ್ನ ಮುಖ್ಯ ಕೆಲಸ ಇದೇ. ಅಡುಗೆ, ಬಟ್ಟೆ, ಮುಸುರೆ ಎಲ್ಲ ಆಮೇಲಿನವು.

ಅವರಿಬ್ಬರ ನಡುವೆ ಮಾತು ನಿಂತದ್ದು ನಾನು ಬರುವ ಮೊದಲೇ. ಅವರಿಗೆ ಕಸ್ತೂರಿ ಎಂಬ ಮಗಳಿದ್ದಳು, ನಾಲ್ಕು ವರ್ಷದವಳು. ಅಕ್ಕ ತನ್ನ ತಂಗಿಯ ಬಾಣಂತನಕ್ಕೆಂದು ತವರಿಗೆ ಹೋದಾಗ ಮಗುವಿಗೆ ಸಣ್ಣಗೆ ಜ್ವರ ಇತ್ತು, ಹಾಗಾಗಿ ಅಪ್ಪನ ಹತ್ತಿರ ಬಿಟ್ಟುಹೋದಳು. ಜ್ವರ ಏರಿತು. ಅದು ತಿಳಿಯದ ಅಕ್ಕ ಬೆಳಗಿನ ಮೊದಲ ಬಸ್ಸಿಗೆ ವಾಪಸು ಬಂದಾಗ ಭಾವ ಹೊಸ್ತಿಲ ಮೇಲೆ ಕುಳಿತಿದ್ದರು. ಕಸ್ತೂರಿ ಎಲ್ಲಿ ಎಂದು ಕೇಳಿದ್ದಕ್ಕೆ 'ಮಲಗ್ಯಾಳ' ಅಂದರು. ಅಕ್ಕ ಒಳಗೆ ಹೋಗಿ ಬಗ್ಗಿ, ಕೆನ್ನೆ ಮುಟ್ಟಿ ಎಬ್ಬಿಸಲು ನೋಡಿದಳು. ಕೆನ್ನೆ ತಣ್ಣಗಿತ್ತು.

ಮಗು ಹೋದದ್ದಕ್ಕೆ ಅಕ್ಕ ಅವರ ಮೇಲೆ ಸಿಟ್ಟು ಮಾಡಲಿಲ್ಲ. ಜ್ವರಕ್ಕೆ ಯಾರೇನು ಮಾಡುತ್ತಾರೆ. ಆದರೆ ಗೊತ್ತಿದ್ದೂ ಮಲಗ್ಯಾಳ ಎಂದರಲ್ಲ, ತನ್ನನ್ನು ಆ ಕೋಣೆಯೊಳಗೆ ಹಾಗೆ ನಡೆಯಗೊಟ್ಟರಲ್ಲ, ಅದನ್ನು ಆಕೆ ಮೂವತ್ತು ವರ್ಷ ಮೇಲ್ಪಟ್ಟು ಹಿಡಿದುಕೊಂಡಳು. 'ಹೇಡಿ. ಬಾಯಿ ತಗದು ಹೇಳೋ ಧೈರ್ಯ ಇರಲಿಲ್ಲ' ಎಂದು ನನ್ನೆದುರು ಒಮ್ಮೆ ಅಂದಿದ್ದಳು. ಭಾವ ತಾವಾಗಿ ಆ ದಿನದ ಸುದ್ದಿ ಎತ್ತಿದವರಲ್ಲ. ಒಂದೇ ಮನೆಯಲ್ಲಿ ಉಂಡರು, ತಿಂದರು, ಹಬ್ಬ ಮಾಡಿದರು. ಆದರೆ ಅಕ್ಕ ಎಂದೂ ಅವರ ಪಕ್ಕ ಕೂರಲಿಲ್ಲ, ಎದುರಿಗೇ ಕೂರುತ್ತಿದ್ದಳು.

ಆದರೂ ಮಗ್ಗುಲು ಹಿಡಿದವಳು ಆಕೆಯೇ. ನನ್ನ ಗಂಡ ಡಿಪೋದಲ್ಲಿ ದುಡಿಯುವವನು, ಹಗಲೆಲ್ಲ ಮನೆಯಲ್ಲಿ ಇರುವುದಿಲ್ಲ. ನಾನು ಹೂಂ ಅನ್ನುವವಳಿದ್ದೆ, ಅಷ್ಟರಲ್ಲಿ ಅಕ್ಕ ಚಾಪೆ ಎಳೆದುಕೊಂಡು ಹೋಗಿ ಭಾವನ ಪಕ್ಕಕ್ಕೆ ಹಾಸಿದಳು. 'ಚಹಾದಂಗಡಿಗೆ ಹೋಗೋದಕ್ಕಿಂತ ಮನ್ಯಾಗ ಇರಲಿ' ಎಂದಳು. ಮುಖ ಮಾತ್ರ ಬಾಗಿಲ ಕಡೆಗಿತ್ತು.

ಮೊದಮೊದಲು ಬಂದದ್ದೆಲ್ಲ ಚಿಲ್ಲರೆ. ರೊಟ್ಟಿ ಬಡಿಯುತ್ತ ಕುಳಿತವಳು ಇದ್ದಕ್ಕಿದ್ದಂತೆ, 'ಇವರ ಸಾಲ್ಯಾಗ ಒಬ್ಬ ಕುಂಟ ಮಾಸ್ತರ ಇದ್ದ. ಬಾಳ ಚಲೋ ಹಾಡ್ತಿದ್ದ' ಎನ್ನುತ್ತಿದ್ದಳು. ಇನ್ನೊಂದು ದಿನ ಭಾವ ಸಣ್ಣವರಿದ್ದಾಗ ಕದ್ದು ತಿಂದ ಬೆಲ್ಲದ ರುಚಿ ಬಂತು, ಮಧ್ಯಾಹ್ನವೆಲ್ಲ ತುಟಿ ಸವರಿಕೊಂಡಳು. ಭಾವ ಮಾತ್ರ ಹಗುರಾಗುತ್ತ ಹೋದರು. ಮೊದಲು ಮೂರು ಮಾತಿಗೆ ಒಂದು ಆಡುತ್ತಿದ್ದವರು ಗುಬ್ಬಿಯ ಜೊತೆಗೂ ಹರಟತೊಡಗಿದರು. ಹೊಟ್ಟೆ ತುಂಬ ಉಣ್ಣುತ್ತಿದ್ದರು, ಕಣ್ಣು ತುಂಬ ನಿದ್ದೆ ಮಾಡುತ್ತಿದ್ದರು. ನಮ್ಮ ಮನೆಯಲ್ಲಿ ಅಷ್ಟು ಸುಖವಾಗಿದ್ದವರು ಬೇರೆ ಯಾರೂ ಇರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಅಕ್ಕನಿಗೆ ಕೈ ಮುಗಿದು, 'ನೀವು ಯಾರ ಪೈಕಿ, ತಾಯಿ?' ಎಂದು ಕೇಳಿದರು. ಅಕ್ಕ ನನ್ನ ಮುಖ ನೋಡಿದಳು. ಈ ಪ್ರಶ್ನೆಗೆ ನನ್ನ ಮೂಲಕ ಏನು ಉತ್ತರ ಕೊಡಿಸಬೇಕೋ ಆಕೆಗೂ ತಿಳಿಯಲಿಲ್ಲ.

ಆ ವಾರವೇ ಕಸ್ತೂರಿ ತೀರಿಹೋದ ದಿನದ ನೆನಪು ಭಾವನಿಂದ ಕಳಚಿ ಅಕ್ಕನಿಗೆ ಬಂತು. ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಒಳಗೆ ಬಂದಾಗ ಅಕ್ಕ ಚಾಪೆಯ ಮೇಲೆ ಎರಡೂ ಕೈ ಊರಿ ಕುಳಿತಿದ್ದಳು, ಒಲೆಯ ಮೇಲೆ ಬೇಳೆ ಹತ್ತಿ ಹೊಗೆಯೇಳುತ್ತಿತ್ತು. ಭಾವ ನಿದ್ದೆ ಹೋಗಿದ್ದರು. ನಾನು ಬೇಳೆ ಇಳಿಸಿ ಬಂದು ಆಕೆಯ ಎದುರು ಕುಳಿತೆ. ಪಕ್ಕ ಕೂರಲಿಲ್ಲ. ಅಂಥ ಹೊತ್ತಿನಲ್ಲಿ ನಮ್ಮೂರಿನಲ್ಲಿ ಯಾರೂ ಪಕ್ಕ ಕೂರುವುದಿಲ್ಲ.

'ಕಸ್ತೂರಿ... ಆಕಿನ ಹೇಳಿದ್ಲು, ಚಂಪಾ' ಎಂದಳು ಅಕ್ಕ. 'ಜ್ವರದಾಗ ಸುಡಾಕತ್ತಿದ್ಲು, ಆದ್ರೂ ಆಟ. ಅಪ್ಪಾ, ಅವ್ವ ಬಂದ ಕೂಡ್ಲೆ ನಾ ಮಲಗಿದಂಗ ಮಾಡ್ತೀನಿ, ನೀ ಮಲಗ್ಯಾಳ ಅಂತ ಹೇಳು, ಆಕಿ ಬಗ್ಗಿದಾಗ ಹೌಹಾರಿಸ್ತೀನಿ ಅಂದ್ಲು. ಆಣಿ ಮಾಡು ಅಂದ್ಲು. ಇವರು ಆಕಿ ತಲಿ ಮ್ಯಾಲ ಕೈ ಇಟ್ಟು ಆಣಿ ಮಾಡಿದ್ರು. ಆಮ್ಯಾಲ ಆಕಿ ನಕ್ಕೋತ ಕಣ್ಣ ಮುಚ್ಚಿ ಮಲಗೋದು ರೂಢಿ ಮಾಡಿದ್ಲು. ಎರಡು ಸಲ ಮಾಡಿ ತೋರಿಸಿದ್ಲು. ಮೂರನೇ ಸಲ ಕಣ್ಣು ತೆಗೀಲೇ ಇಲ್ಲ.' ಅಕ್ಕ ತನ್ನ ಅಂಗೈ ನೋಡಿಕೊಂಡಳು. 'ತಲಿ ಎಷ್ಟು ಬಿಸಿ ಇತ್ತಂತೀ. ಇಲ್ಲೇ ಐತಿ ಇನ್ನೂ.'

ಆಕೆ ಅತ್ತದ್ದನ್ನು ನಾನು ನೋಡಿದ್ದು ಅಂದೇ ಮೊದಲು. ನಾನೂ ಅತ್ತೆ. ನಡುವೆ ಭಾವ ಎಚ್ಚರಾಗಿ, ಇಬ್ಬರು ಹೆಂಗಸರು ಅಳುವುದನ್ನು ನೋಡಿ, ಪಾಪ ಎಂದು ತಮ್ಮ ಟವೆಲ್ ಕೊಟ್ಟರು.

ಅಂದಿನಿಂದ ಅಕ್ಕ ಅವರ ಜೊತೆ ನೇರವಾಗಿ ಮಾತಾಡತೊಡಗಿದಳು. ನನ್ನ ಕೆಲಸ ಹೋಯಿತು. ಊಟ ಬಡಿಸಿ ಪಕ್ಕಕ್ಕೆ ಕುಳಿತು 'ಇನ್ನ ಸ್ವಲ್ಪ ಹಾಕ್ಲಿ?' ಎನ್ನುವಳು. ಅವರು, 'ಸಾಕ್ರಿ ತಾಯಿ, ನೀವು ಬಾಳ ಒಳ್ಳೇರದೀರಿ' ಎನ್ನುವರು. ಅವರಿಗೆ ಅಕ್ಕ ಯಾರೆಂಬುದು ಗೊತ್ತಿಲ್ಲ, ಕಸ್ತೂರಿ ಇದ್ದಳೆಂಬುದೇ ಗೊತ್ತಿಲ್ಲ. ಅಕ್ಕ ತಪ್ಪಾಯಿತು ಎಂದು ಒಮ್ಮೆ ಕೈ ಹಿಡಿದುಕೊಂಡರೆ, 'ಅಯ್ಯ, ಅದರಾಗೇನೈತಿ ಬಿಡ್ರಿ' ಎಂದು ನಕ್ಕರು. ಬಸ್ಸಿನಲ್ಲಿ ಕಾಲು ತುಳಿದವರಿಗೆ ಹೇಳುವ ಹಾಗೆ ಹೇಳಿದರು.

ಇಂಥ ಹೊತ್ತಿನಲ್ಲೇ ಹೊರಗಿನಿಂದ ಡಾಕ್ಟರ್ ವಿಭಾ ಬಂದರು. ಪುರಸಭೆಯ ಸಭಾಂಗಣದಲ್ಲಿ ನಾವು ಕುರ್ಚಿಗಳನ್ನು ದೂರದೂರ ಹಾಕಿಕೊಂಡು ಕುಳಿತದ್ದನ್ನು ನೋಡಿ ಊರಿನಲ್ಲಿ ಏನೋ ದೊಡ್ಡ ಜಗಳವಾಗಿದೆ ಎಂದುಕೊಂಡರಂತೆ. ಕೈಯಲ್ಲಿ ಮರೆವಿಗೆಂದು ತಂದ ಬಿಳಿ ಪುಡಿಯ ಪೊಟ್ಟಣಗಳಿದ್ದವು. ನಮ್ಮ ಮೈಗೆ ಪ್ರೋಟೀನ್ ಬೇಕು, ಪ್ರೋಟೀನ್ ಆಗುವುದು ಅಮೈನೋ ಆಮ್ಲಗಳಿಂದ, ವಯಸ್ಸಾದವರ ಊಟದಲ್ಲಿ ಅವು ಕಡಿಮೆಯಾದರೆ ಮಿದುಳು ಸೊರಗಬಹುದು, ಅಂಥ ಕೆಲವು ಆಮ್ಲಗಳನ್ನು ಈ ಪುಡಿಯಲ್ಲಿ ಕೂಡಿಸಿದ್ದೇವೆ ಎಂದು ವಿವರಿಸಿದರು. 'ಇಲಿಗಳಲ್ಲಿ ಒಳ್ಳೇದಾಗಿದೆ. ಮನುಷ್ಯರಲ್ಲಿ ಆಗಬಹುದು, ಆಗದೇನೂ ಇರಬಹುದು. ಅದನ್ನ ನೋಡೋದಕ್ಕೇ ನಾನು ಬಂದಿರೋದು' ಎಂದರು. ಅರ್ಧ ಮಂದಿಗೆ ನಿಜವಾದ ಪುಡಿ, ಅರ್ಧ ಮಂದಿಗೆ ಬರೀ ಹಿಟ್ಟು, ಯಾರಿಗೆ ಯಾವುದು ಎಂಬುದು ತಮಗೂ ಗೊತ್ತಿರುವುದಿಲ್ಲ ಎಂದರು. ಅದನ್ನು ಹೆಮ್ಮೆಯಿಂದಲೇ ಹೇಳಿದರು.

'ಮುದುಕರಿಗೆ ಆಸಿಡ್ ಕುಡಸ್ತೀರೇನ್ರಿ?' ಎಂದು ಹಿಂದಿನಿಂದ ಯಾರೋ ಕೇಳಿದರು. ಅಂಥದ್ದಲ್ಲ, ಬೇಳೆಯಲ್ಲಿ, ಮೊಟ್ಟೆಯಲ್ಲಿ ಇರುವಂಥದ್ದೇ ಇದು ಎಂದರು ಡಾಕ್ಟರು. 'ಹಂಗಾದ್ರ ಬ್ಯಾಳಿ ಗಟ್ಟಿ ಮಾಡಿ ಉಣಸ್ತೀವಿ ಬಿಡ್ರಿ' ಎಂದಿತು ಅದೇ ದನಿ. ಅಡಿವೆಪ್ಪ ಎದ್ದು ನಿಂತು, 'ಆ ಇಲಿ ಏನ್ ನೆನಪಿಟ್ಟಿತ್ರಿ?' ಎಂದ. ಕಾಳು ಇಟ್ಟ ಜಾಗಕ್ಕೆ ಹೋಗುವ ದಾರಿ ಎಂದು ಡಾಕ್ಟರು ಹೇಳಿದರು. 'ಅದರ ಮಗ್ಗಲಾಗ ಇನ್ನೊಂದು ಇಲಿ ಇತ್ತೇನ್ರಿ?' ಡಾಕ್ಟರಿಗೆ ಪ್ರಶ್ನೆ ಅರ್ಥವಾಗಲಿಲ್ಲ. ನಮಗೆಲ್ಲ ಅರ್ಥವಾಯಿತು.

ಏಕೆಂದರೆ ನಮ್ಮೂರಿನ ಇನ್ನೊಂದು ಮಾತು ಇದು: ಮರೆತವರಿಗೆ ಮತ್ತೆ ನೆನಪಾದರೆ, ಪಕ್ಕದವರ ಹತ್ತಿರ ಇದ್ದದ್ದು ಬೇರುಸಹಿತ ಎದ್ದು ವಾಪಸು ಹೋಗುತ್ತದೆ. ಅದು ತಮ್ಮ ಹತ್ತಿರ ಇತ್ತು ಎಂಬುದೂ ಅವರಿಗೆ ಉಳಿಯುವುದಿಲ್ಲ. ಹೀಗಾಗಿ ಪೊಟ್ಟಣ ಒಯ್ದವರೆಲ್ಲ ಕುಡಿಸಿದರು ಎಂದು ತಿಳಿಯಬೇಡಿ. ಮುದಿ ವಕೀಲರ ಮಗ್ಗುಲು ಹಿಡಿದು, ಅವರು ಮರೆತ ಕಾಯಿದೆಯ ಬಲದಲ್ಲೇ ಕೋರ್ಟಿಗೆ ಹೋಗಿಬರುತ್ತಿದ್ದ ಅವರ ಮಗ ಪುಡಿಯನ್ನು ಎಮ್ಮೆಗೆ ಹಾಕಿದ. ಎಮ್ಮೆಯ ಮೈ ಮಿರಮಿರ ಮಿಂಚಿತು.

ನಮ್ಮ ಪೊಟ್ಟಣ ಅಡುಗೆ ಮನೆಯ ಗೂಡಿನಲ್ಲಿ ಹಾಗೇ ಇತ್ತು. ಎಸೆದುಬಿಡು ಎಂದು ನಾನೇ ಹೇಳಿದೆ. 'ಭಾವಗ ಈಗ ಏನ್ ಕಡಿಮಿ ಆಗೇತಿ, ಅಕ್ಕಾ? ಆ ದಿನ ಮರೆತು ಹಗುರಾಗ್ಯಾರ. ಮತ್ತ ಯಾಕ ಹೊರಸ್ತಿ? ನಿನ್ನ ಕೈಯಾಗ ಮಗಳ ತಲಿ ಬಿಸಿ ಐತಿ. ಅದನ್ನೂ ಕಳಕೊಂತಿ.'

ಅಕ್ಕ ಪೊಟ್ಟಣವನ್ನು ಗೂಡಿನಿಂದ ಕೆಳಗಿಳಿಸಿದಳು. 'ಮೂವತ್ತು ವರ್ಷ ಅವರ ಮ್ಯಾಲ ಸಿಟ್ಟು ಹೊತ್ತೀನಿ. ತಪ್ಪಾತು ಅನ್ನಬೇಕು. ಅನ್ನಾಕ ಅವರು ಬೇಕಲ್ಲ? ಈಗ ಇರೋರು ಯಾರೋ ಒಬ್ರು ಒಳ್ಳೆ ಮುದುಕರು' ಎಂದಳು.

'ಅವರು ಬಂದಾಗ ನೀ ಇರಂಗಿಲ್ಲ' ಎಂದೆ ನಾನು. 'ಆಣಿ ಮಾಡಿದ್ದು ಅವರ ಕಡೆ ಹೋಗ್ತೈತಿ. ನೀ ಮತ್ತ ಹಳೇ ಬಾಳಕ್ಕ ಆಗ್ತಿ. ತಪ್ಪಾತು ಅನ್ನೋದು ಹೋಗ್ಲಿ, ಚಹಾ ಬೇಕೇನು ಅಂತ ಕೇಳಾಕೂ ನಾ ಬೇಕಾಗ್ತೀನಿ.'

'ಅದಕ್ಕ ನಿನಗ ಹೇಳೀನಿ. ನೀ ನನಗ ಹೇಳು.'

'ನೀ ನಂಬಬೇಕಲ್ಲ!'

'ನಂಬಂಗ ಹೇಳು' ಎಂದು ಗದರಿದಳು. ಮಜ್ಜಿಗೆಯಲ್ಲಿ ಪುಡಿ ಕದಡಿ, ತಾನೇ ಭಾವನ ಬಾಯಿಗೆ ಹಿಡಿದಳು. ಅವರು ಮುಖ ಹಿಂಡಿ, ಕಹಿ ಐತ್ರಿ ತಾಯಿ ಎಂದರು. ಗೊತ್ತೈತಿ, ಕುಡೀರಿ ಎಂದಳು. ದಿನವೂ ಹೀಗೇ ನಡೆಯಿತು. ನಮ್ಮದು ನಿಜವಾದ ಪುಡಿಯೋ ಬರೀ ಹಿಟ್ಟೋ ಎಂದು ಯೋಚಿಸುತ್ತ, ಹಿಟ್ಟೇ ಆಗಿರಲಪ್ಪ ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

ಹಿಟ್ಟಲ್ಲ ಎಂಬುದು ಊರಿಗೆಲ್ಲ ಒಟ್ಟಿಗೇ ತಿಳಿಯಿತು. ಒಂದು ಬೆಳಿಗ್ಗೆ ಅಡಿವೆಪ್ಪ ವಾಲ್ವು ತಿರುವುವ ಪಾನಾ ಹಿಡಿದು ಕುಂಬಾರ ಓಣಿಯಲ್ಲಿ ನಿಂತ, ಎಡಕ್ಕೆ ತಿರುವಬೇಕೋ ಬಲಕ್ಕೋ ತಿಳಿಯದೆ ಅಲ್ಲೇ ನಿಂತ. ಕೊಡಗಳ ಸಾಲು ಬೆಳೆಯಿತು, ಬೈಗುಳ ಶುರುವಾಯಿತು. ಅಷ್ಟರಲ್ಲಿ ನಮ್ಮ ಭಾವ ಪಟಾಪಟಿ ಚಡ್ಡಿಯಲ್ಲೇ ಮನೆಯಿಂದ ನಡೆದುಹೋಗಿ, ಅವನ ಕೈಯಿಂದ ಪಾನಾ ಕಸಿದು ವಾಲ್ವು ತಿರುವಿ ವಾಪಸು ಬಂದರು. ಅಡಿವೆಪ್ಪ ಅಲ್ಲೇ ಕುಣಿದ. ಡಾಕ್ಟರ್ ವಿಭಾ ಓಡಿಬಂದು ಭಾವನಿಗೆ ಇವತ್ತು ಯಾವ ವಾರ, ನೂರರಲ್ಲಿ ಏಳು ಕಳೆದರೆ ಎಷ್ಟು ಎಂದು ಕೇಳಿದರು. ಭಾವ ಎರಡಕ್ಕೂ ತಪ್ಪು ಉತ್ತರ ಕೊಟ್ಟರು. ಒಬ್ಬರಿಂದ ಏನೂ ಹೇಳಲಾಗದು ಎಂದು ಡಾಕ್ಟರು ಮುಖ ಸಣ್ಣದು ಮಾಡಿಕೊಂಡು ಹೋದರು.

ಅಕ್ಕನ ಹತ್ತಿರ ಇದ್ದದ್ದು ಚೂರುಚೂರಾಗಿ ಹೋಯಿತು. ಕುಂಟ ಮಾಸ್ತರ ಹೋದ, ಬೆಲ್ಲದ ರುಚಿ ಹೋಯಿತು. ಭಾವ ಗುಬ್ಬಿಯ ಜೊತೆ ಮಾತು ಬಿಟ್ಟರು. ಒಂದು ಮಧ್ಯಾಹ್ನ ನಾನು ಜೋಳ ಹಸನು ಮಾಡುತ್ತಿದ್ದಾಗ ಭಾವ ಗೋಡೆಯ ಕಡೆ ಮುಖ ತಿರುಗಿಸಿ ಕುಳಿತದ್ದನ್ನು ಕಂಡೆ. ಹೆಗಲು ನಡುಗುತ್ತಿತ್ತು. ಅಕ್ಕ ಚಾಪೆಯಿಂದ ಎದ್ದಳು, ತಾನು ಅಲ್ಲಿ ಯಾಕೆ ಕುಳಿತಿದ್ದೆ ಎಂಬಂತೆ ಚಾಪೆಯನ್ನೇ ನೋಡಿದಳು, ಸುತ್ತಿ ಮೂಲೆಗಿಟ್ಟು ಎದುರಿಗೆ ಬಂದು ಕುಳಿತಳು. 'ಚಂಪಾ, ಅವರಿಗೇನಾಗೇತಿ ಕೇಳು' ಎಂದಳು.

ಕಸ್ತೂರಿಯ ದಿನ ಅವರಿಗೆ ವಾಪಸು ಹೋಗಿದೆ ಎಂದು ನನಗೆ ತಿಳಿಯಿತು. ಆಕೆಯನ್ನು ಅಡುಗೆ ಮನೆಗೆ ಎಳೆದುಕೊಂಡು ಹೋಗಿ ಎಲ್ಲ ಹೇಳಿದೆ. ಜ್ವರ, ಆಟ, ಆಣೆ, ಎರಡು ಸಲ ಮಾಡಿ ತೋರಿಸಿದ್ದು, ಒಂದನ್ನೂ ಬಿಡದೆ ಹೇಳಿದೆ. ನಂಬುವ ಹಾಗೆ ಹೇಳಬೇಕು ಎಂಬ ಅವಸರದಲ್ಲಿ ಬಾಯಿಪಾಠ ಒಪ್ಪಿಸಿದಂತಾಯಿತು. ಅಕ್ಕ ಕೇಳಿ ಮುಗಿಸಿ, 'ಯಾರ್ ಹೇಳಿದ್ರು ನಿನಗ?' ಎಂದಳು.

'ನೀನ ಹೇಳಿದಿ.'

'ನಾ?' ಆಕೆಯ ಮುಖ ಬಿಗಿಯಿತು. 'ನಿನಗ ಬಾಳ ಒಳ್ಳೆ ಮನಸ್ಸು ಐತಿ, ಚಂಪಾ. ಆದ್ರ ನನ್ನ ಕೂಸಿನ ಮ್ಯಾಲ ಕಥಿ ಕಟ್ಟಬ್ಯಾಡ.'

ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು. ಇಷ್ಟು ವರ್ಷ ಅತ್ತಿಂದಿತ್ತ ಮಾತು ಹೊತ್ತು ನನಗೂ ಸಾಕಾಗಿತ್ತು. 'ಹಂಗಾದ್ರ ನೀನ ಹೋಗಿ ಕೇಳು. ಅಲ್ಲೇ ಕುಂತಾರ. ನಾ ಇನ್ನ ಯಾರ ಮಾತೂ ಯಾರಿಗೂ ಹೇಳಂಗಿಲ್ಲ' ಎಂದು ಕೂಗಿ, ಕೈಯಲ್ಲೇ ಉಳಿದಿದ್ದ ಮೊರವನ್ನು ಜೋಳದ ಸಮೇತ ನೆಲಕ್ಕೆ ಕುಕ್ಕಿದೆ.

ಅಕ್ಕ ಹೋಗುತ್ತಾಳೆಂದು ನಾನು ಎಣಿಸಿರಲಿಲ್ಲ. ಸೆರಗು ಸರಿಮಾಡಿಕೊಂಡು ಹೋದಳು. ಅವರ ಮುಂದೆ ನಿಂತು, 'ಆ ದಿನ ನೀವು ಯಾಕ ಹಂಗ ಅಂದ್ರಿ?' ಎಂದಳು. ದನಿ ಒರಟಾಗಿತ್ತು, ಆದರೆ ಮಾತು ನೇರ ಅವರಿಗೇ ಆಡಿದ್ದು.

ಭಾವ ತಿರುಗಿ ಆಕೆಯನ್ನು ನೋಡಿದರು. ಈ ಸಲ ತಾಯಿ ಎನ್ನಲಿಲ್ಲ, 'ಬಾಳಾ' ಎಂದರು. ಆಮೇಲೆ ಹೇಳಿದರು. ಜ್ವರ ಏರಿದ್ದು, ಆಟ, ತಲೆ ಮೇಲೆ ಕೈ ಇಟ್ಟು ಆಣೆ ಮಾಡಿದ್ದು, ಎಲ್ಲ ನಾನು ಹೇಳಿದ ಹಾಗೆಯೇ, ಆದರೆ ನಿಂತು ನಿಂತು, ಉಸಿರು ಹುಡುಕುತ್ತ. ಅಕ್ಕ ನಿಂತವಳು ಗೋಡೆ ಹಿಡಿದು ಹಾಗೇ ಕುಸಿದಳು. ಕುಸಿದದ್ದು ಅವರ ಮಗ್ಗುಲಿಗೆ.

'ಇಷ್ಟು ವರ್ಷ ಒಂದ ಮಾತು ಹೇಳಲಿಲ್ಲಲ್ರಿ' ಎಂದಳು.

'ನೀ ಕೇಳಲಿಲ್ಲಲ್ಲ' ಎಂದರು ಭಾವ. 'ಹೇಳಿದ್ರ ನಂಬ್ತಿದ್ದೇನು?' ಎಂದರು.

'ಇಲ್ಲ.'

ಭಾವ ತಲೆಯಾಡಿಸಿದರು. ನಾನು ಜೋಳ ಬಳಿಯುವ ನೆವದಲ್ಲಿ ಬಾಗಿಲ ಸಂದಿಯಲ್ಲೇ ಇದ್ದೆ. ಮಾತು ಮುಗಿಯಿತು ಎಂದುಕೊಂಡಿದ್ದೆ, ಮುಗಿದಿರಲಿಲ್ಲ.

'ಬರೇ ಆಣಿ ಅಲ್ಲ' ಎಂದರು ಭಾವ. 'ನೀ ಬಸ್ಸ ಇಳದು ತಿರುವಿನ್ಯಾಗ ಬರಾಕತ್ತಿದ್ದಿ. ಕೈಯಾಗ ಕೆಂಪು ಲಂಗ ಇತ್ತು, ಆಕಿಗೆ ಅಂತ ಹೊಲಿಸಿದ್ದು. ದೂರಿಂದನ ಅದನ್ನ ಎತ್ತಿ ಎತ್ತಿ ತೋರಸ್ಕೋತ ನಗಾಕತ್ತಿದ್ದಿ. ನಾ ಅಲ್ಲೇ ಕೂಗಿ ಹೇಳಬೇಕಂದೆ. ಬಾಗಲತನಕಾನಾದ್ರೂ ನಕ್ಕೋತ ಬರಲಿ ಅಂತ ಸುಮ್ನ ಕುಂತೆ, ಬಾಳಾ. ಮುಂದ ನೀ ನಗಂಗಿಲ್ಲ ಅಂತ ನನಗ ಗೊತ್ತಿತ್ತು.'

ಅಕ್ಕ ಅಂದು ನನಗೆ ಹೇಳಿದ್ದರಲ್ಲಿ ಇದು ಇರಲಿಲ್ಲ. ಮಗ್ಗುಲು ಹಿಡಿದ ಅಷ್ಟೂ ದಿನ ಇದು ಆಕೆಗೆ ಬಂದೇ ಇರಲಿಲ್ಲ. ಮಗಳನ್ನು ಮರೆತು, ಊರಿನ ನೀರು ಮರೆತು, ಹೆಂಡತಿಯನ್ನು ಯಾರ ಪೈಕಿ ಎಂದು ಕೇಳುತ್ತಿದ್ದಾಗಲೂ ಭಾವ ಇದನ್ನು ಮರೆತಿರಲಿಲ್ಲ.